ರಾವೂರಿನ ಮೂರು ಬರಣಿ ವೈನ್

೧೯೫೩ರ ಬೇಸಿಗೆಯಲ್ಲಿ ನಾನು ಚಿತ್ತಾಪುರ ತಾಲ್ಲೂಕಿನ ಅಬಕಾರಿ ಇನ್‌ಸ್ಪೆಕ್ಟರ್ ಆಗಿದ್ದೆ. ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿ ಇನ್ನೂ ಐದು ವರ್ಷ ತುಂಬಿರಲಿಲ್ಲ. ನಮ್ಮ ದಫ್ತರದ ಹಳೆಯ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು, ಹೊಸ ಆದೇಶಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು, ತಪ್ಪು ಮಾಡಿದವರು ಮಾತ್ರ ಕನ್ನಡದಲ್ಲಿ ಒಪ್ಪಿಕೊಳ್ಳುತ್ತಿದ್ದರು. ಸಿಂದಿ, ಸಾರಾಯಿ, ಗಾಂಜಾ ಇವುಗಳನ್ನು ಯಾರು ತೆಗೆಯಬೇಕು, ಯಾರು ಮಾರಬೇಕು ಎಂಬುದಕ್ಕೆ ಸರ್ಕಾರದ ಪರವಾನಗಿ ಇರಬೇಕು. ಇಲ್ಲದವರನ್ನು ಹಿಡಿಯುವುದು ನನ್ನ ಕೆಲಸ.

ನಾನು ಸೇಡಂನ ಲಿಂಗಾಯತರ ಮನೆಯವನು. ನನಗೆ ಈ ಖಾತೆಯಲ್ಲಿ ನೌಕರಿ ಸಿಕ್ಕಿದ ದಿನ ಅವ್ವ ಸಂತೋಷಪಡುವ ಬದಲು ಒಲೆಯ ಮುಂದೆ ಕುಳಿತು ಅತ್ತಿದ್ದಳು. ಕೊನೆಗೆ, ಹನಿಯನ್ನೂ ಬಾಯಿಗೆ ಹಚ್ಚುವುದಿಲ್ಲ ಎಂದು ಕೊರಳಿನ ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡು ಕಳಿಸಿದಳು. ಆ ಮಾತನ್ನು ನಾನು ನಿವೃತ್ತನಾಗುವವರೆಗೂ, ಆಮೇಲೂ ಉಳಿಸಿಕೊಂಡಿದ್ದೇನೆ. ಹಾಗಾಗಿ ಈಗ ನಾನು ಹೇಳಹೊರಟಿರುವ ವೈನಿನ ರುಚಿ ಹೇಗಿತ್ತೆಂದು ನನಗೆ ಬೇರೆಯವರ ಬಾಯಿಂದಷ್ಟೇ ಗೊತ್ತು.

ಯುಗಾದಿ ಕಳೆದು ಕೆಲವು ವಾರಗಳಾಗಿದ್ದವು. ಸಿಂದಿ ಅಂಗಡಿಗಳನ್ನು ಹಿಡಿದಿದ್ದ ಗುತ್ತೇದಾರ ಒಂದು ಬೆಳಿಗ್ಗೆ ನನ್ನ ದಫ್ತರಕ್ಕೆ ಬಂದು ಲಿಖಿತ ದೂರು ಕೊಟ್ಟ.

“ರಾವೂರ ಹತ್ರ ಒಬ್ಬ ಕಿರಸ್ತಾನ ಮುದುಕ ದ್ರಾಕ್ಷಿ ಶೆರೆ ತೆಗೀಲಿಕತ್ತಾನ್ರಿ ಸಾಹೇಬ್ರ. ನಾವು ಪರವಾನಗಿ ತಗೊಂಡು ಅಂಗಡಿ ಇಟ್ಟವ್ರು. ನೀವು ಹೋಗಲಿಲ್ಲಂದ್ರ ನಾನು ಮ್ಯಾಲಿನವ್ರಿಗಿ ಬರೀಬೇಕಾಗ್ತದ,” ಎಂದ.

ಮಾತಿನಲ್ಲಿ ಬೆದರಿಕೆ ಇದ್ದರೂ ದೂರಿನಲ್ಲಿ ತಪ್ಪಿರಲಿಲ್ಲ. ಮರುದಿನವೇ ಜವಾನ ಮಹಬೂಬನನ್ನು ಕರೆದುಕೊಂಡು ಹೊರಟೆ.

ರಾವೂರಿನ ಸುತ್ತ ನೆಲ ಅಗೆದಲ್ಲೆಲ್ಲ ಕಲ್ಲು. ಹೆಚ್ಚಿನ ಕಡೆ ಜೋಳ, ತೊಗರಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ಬಾವಿ, ಅದರ ಪಕ್ಕ ಒಂದು ಎಕರೆಯೂ ಇಲ್ಲದ ದ್ರಾಕ್ಷಿ ತೋಟ ಕಂಡಿತು. ಶಹಾಬಾದಿನ ಕಲ್ಲಿನ ಉದ್ದುದ್ದ ಕಂಬಗಳನ್ನು ನೆಟ್ಟು, ತಂತಿ ಎಳೆದು, ಅದರ ಮೇಲೆ ಬಳ್ಳಿ ಹಬ್ಬಿಸಿದ್ದರು. ಹಣ್ಣು ಕಿತ್ತು ಮುಗಿದಿತ್ತು. ಸುತ್ತಲಿನ ನೆಲ ಸುಣ್ಣದ ಹಾಗೆ ಬಿಸಿಲಿಗೆ ಹೊಳೆಯುತ್ತಿದ್ದರೆ ಆ ಚಪ್ಪರದ ಕೆಳಗೆ ಮಾತ್ರ ಹಸಿರು ನೆರಳು.

ಬಾವಿಯ ಬಳಿ ಇದ್ದ ಹೆಂಗಸು ನಮ್ಮನ್ನು ನೋಡಿ ಕೈಯಲ್ಲಿದ್ದ ಸಲಿಕೆ ಇಟ್ಟಳು. ಐವತ್ತರ ಆಸುಪಾಸು ಇರಬೇಕು. ಇಳಕಲ್ ಸೀರೆ, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ.

“ಬರ್ರಿ, ನೆಳ್ಳಾಗ ಕುಂದ್ರಿ. ಮೊದಲ ನೀರ ಕುಡೀರಿ.”

“ಅವ್ವಾ, ನಾವು ಅಬಕಾರಿಯವ್ರು.”

“ಗೊತ್ತಾತ್ರಿ. ಆದ್ರೂ ನೀರ ಕುಡದ ಕೇಳ್ರಿ, ಬಿಸಲಾಗ ಬಂದೀರಿ.”

ನೀರು ಕುಡಿದು ಕೇಳಿದೆ. ಇಂಥ ದಾಳಿಗಳಲ್ಲಿ ಮೊದಲ ಉತ್ತರ ಸುಳ್ಳೇ ಇರುತ್ತದೆ ಎಂದು ನನ್ನ ಅನುಭವ. ಆಕೆ ಹಾಗೆ ಮಾಡಲಿಲ್ಲ. “ಅದರಿ. ಮೂರ ಬರಣಿ ಅದಾವ. ಹಗೇವದಾಗ ಇಟ್ಟೀನಿ,” ಎಂದು ತಾನೇ ಮುಂದಾಗಿ ನಡೆದಳು.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡುವ ಕಣಜ. ಆ ಮನೆಯ ಹಿಂದಿನ ಹಗೇವಿಗೆ ಒಳಗೆಲ್ಲ ಕಲ್ಲಿನ ಹಾಸು ಹೊದಿಸಿ, ಇಳಿಯಲು ಮೆಟ್ಟಿಲು ಮಾಡಿದ್ದರು. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಕಾಲಿಟ್ಟರೆ ದೇವರ ಗುಡಿಯ ಗರ್ಭಗುಡಿಯಷ್ಟು ತಂಪು. ಮೂಲೆಯಲ್ಲಿ ಗೇಣೆತ್ತರದ ಮೂರು ಚೀನಿ ಬರಣಿಗಳು, ಮೇಲೆ ಒದ್ದೆ ಗೋಣಿತಟ್ಟು. ನಾನು ಒಂದು ಗಾಜಿನ ಲೋಟದಲ್ಲಿ ಸ್ವಲ್ಪ ತೆಗೆಸಿ ಹೊರಗೆ ತಂದು ಬೆಳಕಿಗೆ ಹಿಡಿದೆ. ನಾನು ನೋಡಿದ್ದ ಸಾರಾಯಿಗಳಿಗೆಲ್ಲ ಮೂಗು ಸುಡುವ ವಾಸನೆ. ಇದು ಪುಂಡಿಹೂವಿನ ಕಷಾಯದಂತೆ ತಿಳಿಗೆಂಪಾಗಿತ್ತು; ಲೋಟದಾಚೆ ಹಿಡಿದ ನನ್ನ ಬೆರಳುಗಳು ಕಾಣುತ್ತಿದ್ದವು. ಆಗತಾನೆ ಕಿತ್ತ ಹಣ್ಣಿನ ವಾಸನೆ ಬರುತ್ತಿತ್ತು.

“ಮಾರ್ತೀರೇನು?” ಎಂದು ಕೇಳಿದೆ.

“ಮಾರಾವ್ರು ಮೂರ ಬರಣಿ ಮಾಡ್ತಾರೇನ್ರಿ? ನಮ್ಮನೆಯವ್ರ ಸಲ್ಯಾಕ ಮಾಡೀನಿ. ಒಳಗ ಮಲಗ್ಯಾರ, ಬಂದು ನೋಡ್ರಿ.”

ಒಳಗೆ ಮಂಚದ ಮೇಲೆ, ಬೆನ್ನಿಗೆ ಮೂರು ದಿಂಬು ಕೊಟ್ಟುಕೊಂಡು ಒಬ್ಬ ಮುದುಕ ಕುಳಿತಿದ್ದ. ಮಲಗಿದರೆ ಉಸಿರಾಡಲಾಗದು ಎಂದು ಕುಳಿತೇ ನಿದ್ದೆ ಮಾಡುತ್ತಿದ್ದನಂತೆ. ಪಾದಗಳು ಬಾತುಹೋಗಿದ್ದವು. ಹೆಸರು ಇನ್ನಾಸಪ್ಪ. ವಾಡಿ ಜಂಕ್ಷನ್ನಿನಲ್ಲಿ ಎಂಜಿನ್ ಡ್ರೈವರ್ ಆಗಿದ್ದು ನಿವೃತ್ತನಾದವನು. ಹುಟ್ಟೂರು ಬೆಂಗಳೂರಿನಾಚೆ ದೇವನಹಳ್ಳಿಯ ಕಡೆ. ಅಲ್ಲಿ ಅವನ ತಂದೆಗೆ ದ್ರಾಕ್ಷಿ ತೋಟವಿತ್ತು. ಕಪ್ಪು ದ್ರಾಕ್ಷಿಯ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತಾನು ನಡೆಸುವ ಎಂಜಿನ್ನಿನಲ್ಲೇ ಕೊನೆಯ ಹಂತ ಸಾಗಿಸಿ ತಂದು ಇಲ್ಲಿ ನೆಟ್ಟಿದ್ದ. ಇಷ್ಟನ್ನು ಹೇಳಲು ಅವನು ನಾಲ್ಕಾರು ಸಲ ನಿಂತು ಉಸಿರು ತೆಗೆದುಕೊಂಡ.

“ಪ್ರತಿ ವರ್ಷ ನಾನು ಹಣ್ಣು ತುಳೀತಿದ್ದೆ ಸ್ವಾಮಿ, ಇವಳು ಬುಟ್ಟಿ ಹೊರೋಳು. ಈ ವರ್ಷ ಎಲ್ಲಾ ಇವಳೇ ಮಾಡಿದ್ದಾಳೆ. ನಾನಿನ್ನೂ ರುಚಿ ನೋಡಿಲ್ಲ. ತಿಳಿಯಾಗ್ಲಿ ಅಂತ ಕಾಯ್ತಿದ್ವಿ.”

ಅವನ ಹೆಂಡತಿಯ ಹೆಸರು ನೀಲಮ್ಮ. ಆಕೆ ನನ್ನ ಹಣೆಯ ವಿಭೂತಿಯನ್ನು ಆಗಲೇ ಗಮನಿಸಿದ್ದಳು. “ನಂದೂ ನಿಮ್ಮ ಪೈಕಿ ಮನಿನೇರಿ. ಭಂಕೂರ ನನ್ನ ತವರ. ಇವರನ್ನ ಮಾಡ್ಕೊಂಡೆ ಅಂತ ಅಪ್ಪ ಹೊರಗ ಹಾಕಿದ. ಹೋಗೂ ಮುಂದ ‘ಎಲ್ಲೇ ಇರು, ಶೆರೆ ಮಾತ್ರ ಮುಟ್ಟಬ್ಯಾಡ’ ಅಂದ. ಆಗಲಿ ಅಂದೆ. ಮಾಡ್ತೀನ್ರಿ, ಕುಡಿಯಂಗಿಲ್ಲ. ಇಷ್ಟ ವರ್ಷ ಆದ್ರೂ ಹ್ಯಾಂಗಿರ್ತದ ಅಂತ ನನಗ ಗೊತ್ತಿಲ್ಲ.”

ನಾನು ಅವ್ವನಿಗೆ ಕೊಟ್ಟ ಮಾತು ನೆನಪಾಯಿತು. ಆದರೆ ಹೊರಗೆ ರಸ್ತೆಯಲ್ಲಿ ಗುತ್ತೇದಾರನ ಆಳೊಬ್ಬ ಸೈಕಲ್ ಹಿಡಿದು ನಿಂತಿದ್ದ. ಕಾನೂನಿನಲ್ಲಿ ಮಾರುವುದಕ್ಕೂ ಮನೆಗೆ ಮಾಡಿಕೊಳ್ಳುವುದಕ್ಕೂ ವ್ಯತ್ಯಾಸವಿರಲಿಲ್ಲ. ಪಂಚನಾಮೆ ಬರೆದೆ. ಸಾಮಾನನ್ನು ಜಪ್ತಿ ಮಾಡಿ ಚಿತ್ತಾಪುರಕ್ಕೆ ಸಾಗಿಸುವುದು ರೂಢಿ. ಆ ಬಿಸಿಲಿನಲ್ಲಿ ಗಾಡಿಯ ಮೇಲೆ ಹಾಕಿದರೆ ಸಂಜೆಯೊಳಗೆ ಎಲ್ಲ ಕೆಟ್ಟುಹೋಗುತ್ತದೆಂದು ನನಗೂ ತಿಳಿಯಿತು. ಆದ್ದರಿಂದ ಬರಣಿಗಳನ್ನು ಅಲ್ಲಿಯೇ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿಸಿ, ದಾರದ ಗಂಟಿಗೆ ಅರಗಿನ ಸೀಲ್ ಒತ್ತಿ, ನೀಲಮ್ಮನ ಸುಪರ್ದಿಗೇ ಒಪ್ಪಿಸಿದೆ. ಅಂದರೆ, ವಸ್ತು ಸರ್ಕಾರದ್ದು, ಕಾಯುವ ಜವಾಬ್ದಾರಿ ಅವಳದು. ಒಂದು ಬಾಟಲಿ ಸ್ಯಾಂಪಲ್ ಮಾತ್ರ ನಾನು ತೆಗೆದುಕೊಂಡೆ.

ಹೊರಡುವಾಗ ಇನ್ನಾಸಪ್ಪ ಕೇಳಿದ: “ಎಷ್ಟು ದಿನ ಆಗುತ್ತೆ ಸ್ವಾಮಿ?”

“ಸ್ಯಾಂಪಲ್ ಹೈದರಾಬಾದಿಗೆ ಹೋಗಬೇಕು. ಪರೀಕ್ಷೆ ಆಗಿ ಬರಲಿಕ್ಕೆ ಎರಡು ಮೂರು ತಿಂಗಳು.”

ಅವನು ನಕ್ಕ. ನಗೆಯ ಹಿಂದೆಯೇ ಕೆಮ್ಮು ಬಂತು. “ಇದು ಇಟ್ಟು ಕುಡಿಯೋ ಅಂಥ ವೈನ್ ಅಲ್ಲ. ಹೊಸದಿರುವಾಗ್ಲೇ ಕುಡೀಬೇಕು. ಮೂರು ತಿಂಗಳಿಗೆ ಅದೂ ಇರೋದಿಲ್ಲ, ನಾನೂ ಇರೋದಿಲ್ಲ.”

ನೀಲಮ್ಮ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಗಂಡನ ಬಾಯಿಗೆ ನೀರು ಹಿಡಿಯಲು ಒಳಗೆ ಹೋದಳು.

ವಾಪಸು ಬರುವಾಗ, ವಾಡಿ ಸ್ಟೇಷನ್ ಹತ್ತಿರ ಮಹಬೂಬ, “ಸಾಬ್, ಜಪ್ತಿ ಮಾಡೂ ಕಾನೂನ ಒಂದೇ ಅದನೋ, ಬಿಡೂ ಕಾನೂನನೂ ಅದನೋ?” ಎಂದ. ಅದು ವ್ಯಂಗ್ಯವಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ. ನನಗೂ ತಿಳಿದಿರಲಿಲ್ಲ.

ಮರುದಿನ ದಫ್ತರದಲ್ಲಿ ಉರ್ದು ನಿಯಮಾವಳಿಯನ್ನು ಮೊದಲ ಪುಟದಿಂದ ಓದಿದೆ. ನಾವು ಸದಾ ಬಳಸುತ್ತಿದ್ದದ್ದು ಮೊದಲಿನ ಕೆಲವು ಹಾಳೆಗಳನ್ನಷ್ಟೇ. ಉಳಿದವು ಒಂದಕ್ಕೊಂದು ಅಂಟಿಕೊಂಡಿದ್ದವು. ಕೊನೆಯ ಕಡೆ ಒಂದು ಸಾಲು ಸಿಕ್ಕಿತು. ರೋಗಿಯೊಬ್ಬನ ವಿಷಯದಲ್ಲಿ, ವೈದ್ಯರ ಲಿಖಿತ ಅಭಿಪ್ರಾಯ ನೋಡಿ, ಜಿಲ್ಲೆಯ ಮೊಹತಮಿಮ್ ತನ್ನ ವಿವೇಚನೆಯಂತೆ ವಿಶೇಷ ಅನುಮತಿ ಕೊಡಬಹುದು ಎಂದಿತ್ತು. ಮೊಹತಮಿಮ್ ಎಂದರೆ ಅಬಕಾರಿ ಸೂಪರಿಂಟೆಂಡೆಂಟ್, ನನ್ನ ಮೇಲಧಿಕಾರಿ.

ಇನ್ನಾಸಪ್ಪನನ್ನು ನೋಡುತ್ತಿದ್ದ ರೈಲ್ವೆ ಡಾಕ್ಟರರನ್ನು ಹುಡುಕಿಕೊಂಡು ವಾಡಿಗೆ ಹೋದೆ. ವೈನು ಔಷಧವೆಂದು ಒಂದು ಚೀಟಿ ಬರೆದುಕೊಟ್ಟರೆ ಸಾಕು ಎಂದೆ. ಅವರು ಪೆನ್ನು ಕೆಳಗಿಟ್ಟರು.

“ಅದು ಔಷಧಿ ಅಲ್ಲವಲ್ಲ. ನಾನು ಹೇಗೆ ಬರೀಲಿ?”

“ಒಂದು ಸಾಲು, ಡಾಕ್ಟರ್ ಸಾಹೇಬರೇ.”

“ಅವನ ಹೃದಯ ದಣಿದಿದೆ ಇನ್‌ಸ್ಪೆಕ್ಟರೇ. ಲೋಟ ವೈನಿನಿಂದ ಅದು ಗಟ್ಟಿಯಾಗೋದಿಲ್ಲ. ಸುಳ್ಳು ಚೀಟಿ ನನ್ನಿಂದ ಆಗದು.”

ನಾನು ಎದ್ದು ನಿಂತೆ. ಬಾಗಿಲ ತನಕ ಹೋದವನನ್ನು ಅವರೇ ಕರೆದರು. ನಿಧಾನವಾಗಿ ಬರೆದು, ಹಾಳೆಯನ್ನು ನನ್ನ ಕಡೆ ತಳ್ಳಿದರು. ಇಂಗ್ಲಿಷಿನಲ್ಲಿದ್ದ ಆ ಬರಹದ ಅರ್ಥ ಇಷ್ಟು: ಈ ರೋಗಿಯನ್ನು ಗುಣಪಡಿಸುವ ಔಷಧ ನನ್ನಲ್ಲಿಲ್ಲ. ಮನೆಯ ವೈನನ್ನು ಸ್ವಲ್ಪ ಕುಡಿದರೆ ಅವನಿಗೆ ಪ್ರಯೋಜನವಿಲ್ಲ, ಹಾನಿಯೂ ಇಲ್ಲ. ಅವನಿಗೆ ಅದರ ಆಸೆ ಇದೆ.

ಇಂಥ ಚೀಟಿ ತೆಗೆದುಕೊಂಡು ಮೇಲಧಿಕಾರಿಯ ಮುಂದೆ ಹೋಗುವುದು ಹೇಗೆ ಎಂದು ರೈಲಿನಲ್ಲಿ ಕುಳಿತು ಚಿಂತಿಸಿದೆ. ಶಹಾಬಾದಿನಲ್ಲಿ ಇಳಿದು ವಾಪಸು ಬಂದುಬಿಡೋಣ ಎಂದೂ ಅನ್ನಿಸಿತ್ತು. ನಮ್ಮ ಮೊಹತಮಿಮ್ ಸಾಹೇಬರು ಹಳೆಯ ಕಾಲದ ಮುಸ್ಲಿಂ ಅಧಿಕಾರಿ, ಐದು ಹೊತ್ತಿನ ನಮಾಜಿನವರು, ಮಾತು ಕಡಿಮೆ. ಹೆಂಡದ ವಿಷಯದಲ್ಲಿ ಅವರಿಂದ ರಿಯಾಯಿತಿ ಪಡೆದವರನ್ನು ನಾನು ಕಂಡಿರಲಿಲ್ಲ.

ಗುಲ್ಬರ್ಗದ ಅವರ ಕಚೇರಿಯಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದ್ದರು. ಸಾಹೇಬರು ಪಂಚನಾಮೆ ಓದಿದರು, ಗುತ್ತೇದಾರನ ದೂರು ಓದಿದರು, ಕೊನೆಗೆ ಡಾಕ್ಟರರ ಚೀಟಿ ಓದಿದರು. ಅದನ್ನು ಇನ್ನೊಮ್ಮೆ ಓದಿದರು.

“ನೀವು ರುಚಿ ನೋಡಿದಿರಾ?” ಎಂದು ಉರ್ದುವಿನಲ್ಲಿ ಕೇಳಿದರು.

“ಇಲ್ಲ ಹುಜೂರ್. ನಾನು ಕುಡಿಯುವುದಿಲ್ಲ.”

“ಮಾಡಿದ ಹೆಂಗಸು?”

“ಆಕೆಯೂ ಕುಡಿಯುವುದಿಲ್ಲ. ತಂದೆಗೆ ಮಾತು ಕೊಟ್ಟಿದ್ದಾಳೆ.”

“ನಾನೂ ಕುಡಿಯುವವನಲ್ಲ,” ಎಂದು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ನಗೆ ಕಾಣಿಸಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. “ಮೂವರು ಕುಡಿಯದವರು ಸೇರಿ ಒಬ್ಬನಿಗೆ ಕುಡಿಸಲು ಹೊರಟಿದ್ದೇವೆ.” ಮತ್ತೆ ಚೀಟಿಯನ್ನು ಕೈಗೆತ್ತಿಕೊಂಡರು. “ನನ್ನ ನೌಕರಿಯಲ್ಲಿ ನೂರಾರು ಡಾಕ್ಟರ್ ಚೀಟಿಗಳು ಬಂದಿವೆ. ಎಲ್ಲದರಲ್ಲೂ ಶರಾಬು ಅಮೃತ ಅಂತ ಬರೆದಿರುತ್ತದೆ. ಸುಳ್ಳು ಹೇಳದ ಚೀಟಿ ಇದೊಂದೇ. ಇದಕ್ಕೆ ಸಹಿ ಹಾಕದಿದ್ದರೆ ಇನ್ನು ಯಾವುದಕ್ಕೆ ಹಾಕಲಿ?”

ಆದೇಶವನ್ನು ಅವರೇ ಕೈಯಾರೆ ಬರೆದರು. ನೀಲಮ್ಮನಿಗೆ ಎಚ್ಚರಿಕೆ ಕೊಟ್ಟು ಪ್ರಕರಣ ಮುಗಿಸತಕ್ಕದ್ದು; ರೋಗಿಯ ಬಳಕೆಗೆ ಮಾತ್ರ ಅನುಮತಿ; ಬೇರೆ ಯಾರಿಗೂ ಕೊಡತಕ್ಕದ್ದಲ್ಲ; ರೋಗಿಗೆ ಬೇಡವಾದ ಮೇಲೆ ಉಳಿದದ್ದನ್ನು ಇನ್‌ಸ್ಪೆಕ್ಟರನ ಎದುರು ನಾಶಪಡಿಸತಕ್ಕದ್ದು. ಗುತ್ತೇದಾರನ ದೂರಿಗೂ ಅದೇ ಕಾಗದದಲ್ಲಿ ಉತ್ತರವಿತ್ತು. ಕಾಗದ ಕೊಡುತ್ತಾ, “ಜಲ್ದಿ ಜಾಯಿಯೇ,” ಎಂದರು. ಬೇಗ ಹೋಗಿ ಎಂದು ಅವರು ಹೇಳಿದ್ದು ಯಾಕೆಂದು ನನಗೆ ಅರ್ಥವಾಗಿತ್ತು.

ನಾನೂ ಮಹಬೂಬನೂ ರಾವೂರಿಗೆ ಹೋದಾಗ ಮಧ್ಯಾಹ್ನ ಇಳಿಯುತ್ತಿತ್ತು. ಇನ್ನಾಸಪ್ಪ ಇನ್ನಷ್ಟು ಸೊರಗಿದ್ದ. ಕಣ್ಣುಗಳು ಮಾತ್ರ ಚುರುಕಾಗಿದ್ದವು. ಆದೇಶ ಓದಿ ಹೇಳಿದೆ. ನೀಲಮ್ಮ ಕೇಳಿಸಿಕೊಂಡಳೋ ಇಲ್ಲವೋ ಎಂಬಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಹಗೇವಿಗೆ ಇಳಿದಳು. ನಾನು ಹಿಂದೆಯೇ ಹೋಗಿ ಮೊದಲ ಬರಣಿಯ ಸೀಲ್ ಒಡೆದೆ. ಬಟ್ಟೆ ತೆಗೆಯುತ್ತಲೇ ಮೂಗಿಗೆ ಹುಳಿ ಬಡಿಯಿತು. ಅದು ಕೆಟ್ಟಿತ್ತು. “ನಮ್ಮ ನಸೀಬ ನೋಡ್ರಿ,” ಎಂದು ನೀಲಮ್ಮ ಕಲ್ಲಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಎರಡನೆಯದರ ಸೀಲ್ ಒಡೆದೆ. ಅಂದು ಲೋಟದಲ್ಲಿ ಬಂದಿದ್ದ ಅದೇ ಹಣ್ಣಿನ ವಾಸನೆ ಮೆಲ್ಲಗೆ ಮೇಲೆದ್ದಿತು. ನೀಲಮ್ಮ ಎದ್ದು ಬಂದು ಬರಣಿಯ ಬಾಯಿಗೆ ಮುಖವಿಟ್ಟು ಉಸಿರೆಳೆದುಕೊಂಡಳು. “ಇದು ಛಲೋ ಅದರಿ,” ಎಂದಳು. ಮೂರನೆಯದೂ ಚೆನ್ನಾಗಿತ್ತು.

ಗಾಜಿನ ಲೋಟದಲ್ಲಿ ಅರ್ಧ ತುಂಬಿಸಿ ತಂದು ಗಂಡನ ಕೈಗೆ ಕೊಟ್ಟಳು. ಅವನ ಕೈ ನಡುಗುತ್ತಿದ್ದರಿಂದ ಕೆಳಗೆ ತನ್ನ ಕೈಯನ್ನೂ ಹಿಡಿದಳು. ಇನ್ನಾಸಪ್ಪ ಮೊದಲು ಬಣ್ಣ ನೋಡಿದ. ಮೂಗಿಗೆ ಹಿಡಿದ. ಆಮೇಲೆ ಒಂದು ಗುಟುಕು ಬಾಯಿಗೆ ತೆಗೆದುಕೊಂಡು ಕಣ್ಣು ಮುಚ್ಚಿದ. ಮಹಬೂಬನೂ ನಾನೂ ಬಾಗಿಲ ಹತ್ತಿರ ನಿಂತಿದ್ದೆವು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ.

“ಹ್ಯಾಂಗಾಗ್ಯಾದ್ರಿ?” ಎಂದಳು ನೀಲಮ್ಮ.

“ತೆಳ್ಳಗಿದೆ,” ಎಂದ ಅವನು. “ನಾಲಿಗೆ ಮೇಲೆ ನಿಲ್ಲೋದೇ ಇಲ್ಲ, ಜಾರಿಕೊಂಡು ಹೋಗುತ್ತೆ. ಹಣ್ಣನ್ನೇ ಕಚ್ಚಿದ ಹಾಗಿದೆ.” ಇನ್ನೊಂದು ಗುಟುಕು ಕುಡಿದು ಹೆಂಡತಿಯ ಮುಖ ನೋಡಿದ. “ಸ್ವಲ್ಪ ಹುಳಿ ಮುಂದಾಗಿದೆ. ಇನ್ನೊಂದಷ್ಟು ದಿನ ಬಳ್ಳಿಯಲ್ಲಿ ಬಿಡಬೇಕಾಗಿತ್ತು. ಅವಸರ ಮಾಡಿಬಿಟ್ಟೆ ನೀನು.”

“ಹೂಂ. ಮಾಡ್ದೆ.”

“ಯಾಕೆ? ಪ್ರತಿ ವರ್ಷ ನೋಡಿದ್ದೀಯಲ್ಲ.”

ನೀಲಮ್ಮ ಲೋಟದ ಅಂಚಿಗೆ ಇಳಿದ ಹನಿಯನ್ನು ಸೆರಗಿನಿಂದ ಒರೆಸಿದಳು. “ಶಿವರಾತ್ರಿ ಹತ್ರ ನಿಮಗ ಉಸರ ಹಿಡದಿತ್ತಲ್ರಿ. ಡಾಕ್ಟರ್ ನನ್ನ ಹೊರಗ ಕರದು ಹೇಳಿದ್ರು. ಹಣ್ಣ ಪೂರಾ ಆಗೂತನ ಕಾಯಲಿಕ್ಕ ನನಗ ಧೈರ್ಯ ಸಾಲಲಿಲ್ಲ.”

ಡಾಕ್ಟರ್ ಏನು ಹೇಳಿದರೆಂದು ಅವನು ಕೇಳಲಿಲ್ಲ. ಬಹಳ ಹೊತ್ತು ಅವಳ ಕೈಯನ್ನು ಹಾಗೆಯೇ ಹಿಡಿದುಕೊಂಡಿದ್ದ. ಅವಳ ಬೆರಳ ಸಂದಿನಲ್ಲಿ ದ್ರಾಕ್ಷಿಯ ಕಲೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಕೊನೆಗೆ ಲೋಟವನ್ನು ಅವಳ ಕಡೆ ಚಾಚಿದ.

“ಬೇಸಿಗೆಗೆ ಹುಳಿನೇ ಸರಿ. ನಮ್ಮಪ್ಪ ಇಂಥದ್ದು ಮಾಡಿರಲಿಲ್ಲ. ಇನ್ನೊಂದು ಸ್ವಲ್ಪ ಹಾಕು.”

ಅವಳು ಹಾಕಿದಳು. ಅವನಿಗೆ ಸ್ವಲ್ಪ ಲವಲವಿಕೆ ಬಂತು. ನನ್ನ ಕಡೆ ತಿರುಗಿ, “ಸ್ವಾಮಿ, ಇವತ್ತೊಂದು ದಿನ ಇವಳಿಗೂ ಒಂದು ಹನಿ ಕುಡಿಯೋಕೆ ಹೇಳಿ,” ಎಂದ.

“ಪರವಾನಗಿ ನಿಮ್ಮ ಹೆಸರಿಗ ಅದ. ಸರ್ಕಾರದ ಮುಂದ ನನ್ನ ಕೈಲೆ ತಪ್ಪ ಮಾಡಸ್ತೀರೇನು?” ಎಂದಳು ನೀಲಮ್ಮ. ಮಹಬೂಬ ಜೋರಾಗಿ ನಕ್ಕ. ಇನ್ನಾಸಪ್ಪನೂ ನಕ್ಕ, ಆ ಸಲ ಕೆಮ್ಮು ಬರಲಿಲ್ಲ.

ಆಮೇಲೆ ಕೆಲಸದ ಮೇಲೆ ಆ ಕಡೆ ಹೋದಾಗಲೆಲ್ಲ ನಾನು ಅವರ ಮನೆಗೆ ಹೋಗಿ ಬರುತ್ತಿದ್ದೆ. ಸಂಜೆ ಬಿಸಿಲು ಇಳಿದ ಮೇಲೆ ಮಂಚವನ್ನು ಚಪ್ಪರದ ಕೆಳಗೆ ತಂದು ಹಾಕಿರುತ್ತಿದ್ದರು. ಅವನು ಅರ್ಧ ಲೋಟ ಕುಡಿಯುತ್ತಿದ್ದ, ಅವಳು ಎದುರಿಗೆ ಕುಳಿತು ಬೆಲ್ಲದ ಚಹಾ ಕುಡಿಯುತ್ತಿದ್ದಳು. ತೋಟದಾಚೆ ತಗ್ಗಿನಲ್ಲಿದ್ದ ರೈಲು ಹಳಿಯಲ್ಲಿ ಗೂಡ್ಸ್ ಗಾಡಿ ಹೋದರೆ, ಸದ್ದಿನಿಂದಲೇ ಎಂಜಿನ್ನಿನ ಸ್ಥಿತಿ ಹೇಳುತ್ತಿದ್ದ. ಅವಳಿಗೆ ಅದೆಲ್ಲ ಎಷ್ಟು ಸಲ ಕೇಳಿದ್ದೋ, ಹೊಸದಾಗಿ ಕೇಳುವವಳಂತೆ ಹೂಂಗುಟ್ಟುತ್ತಿದ್ದಳು.

ಮೊದಲ ಮಳೆ ಬಿದ್ದ ವಾರ ಇನ್ನಾಸಪ್ಪ ತೀರಿಕೊಂಡ. ಮಣ್ಣು ಮಾಡುವಾಗ ನೀಲಮ್ಮನ ತವರು ಭಂಕೂರದಿಂದ ಯಾರೂ ಬರಲಿಲ್ಲ. ವಾಡಿಯ ಲೋಕೋ ಶೆಡ್ಡಿನವರು ಬಂದಿದ್ದರು, ರೈಲ್ವೆ ಡಾಕ್ಟರರೂ ಬಂದಿದ್ದರು.

ಕೆಲವು ದಿನ ಬಿಟ್ಟು, ಆದೇಶದ ಕೊನೆಯ ಷರತ್ತನ್ನು ಪೂರೈಸಲು ನಾನು ಹೋಗಬೇಕಾಯಿತು. ಅಷ್ಟು ಬೇಸರದಿಂದ ನಾನು ಯಾವ ಸರ್ಕಾರಿ ಕೆಲಸಕ್ಕೂ ಹೋದದ್ದಿಲ್ಲ. ಮೂರನೆಯ ಬರಣಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ನಾನು ಬಾಯಿ ತೆರೆಯುವ ಮೊದಲೇ ನೀಲಮ್ಮ ಅದನ್ನು ಹೊರಗೆ ತಂದಿಟ್ಟಿದ್ದಳು.

“ಚೆಲ್ಲಬೇಕಲ್ರಿ?”

“ಹೌದವ್ವಾ.”

“ಎಲ್ಲಿ ಚೆಲ್ಲಬೇಕು ಅಂತ ಬರದಾರೇನ್ರಿ?”

ಕಾಗದ ತೆಗೆದು ನೋಡಿದೆ. “ಬರೆದಿಲ್ಲ.”

ಆಕೆ ಬರಣಿಯನ್ನು ಕಂಕುಳಲ್ಲಿ ಎತ್ತಿಕೊಂಡು ಚಪ್ಪರದೊಳಗೆ ಹೋದಳು. ಇನ್ನಾಸಪ್ಪ ಮೊದಲು ನೆಟ್ಟ ಸಾಲಿನಲ್ಲಿ ನಡೆಯುತ್ತಾ ಒಂದೊಂದು ಬಳ್ಳಿಯ ಬುಡಕ್ಕೂ ಒಂದಿಷ್ಟು ಸುರಿದಳು. ಮಳೆಗೆ ನೆನೆದ ಮಣ್ಣು ಅದನ್ನು ತಕ್ಷಣ ಕುಡಿಯಿತು. ನಾನು ಟೋಪಿ ತೆಗೆದು ನಿಂತಿದ್ದೆ. ನಾಶಪಡಿಸಲಾಯಿತು ಎಂದು ವರದಿ ಬರೆದು ಕಳಿಸಿದೆ.

ಮುಂದಿನ ವರ್ಷ ಬೇಕಿದ್ದರೆ ಪರವಾನಗಿಗೆ ಅರ್ಜಿ ಹಾಕಬಹುದು, ನಾನೇ ಬರೆದುಕೊಡುತ್ತೇನೆ ಎಂದಾಗ ಆಕೆ ಬೇಡವೆಂದಳು. “ಕುಡಿಯವ್ರು ಹೋದ್ರು, ಇನ್ನ ಯಾರ ಸಲ್ಯಾಕ ಮಾಡ್ಲಿ? ಹಣ್ಣ ಮಾರ್ತೀನ್ರಿ.” ಹಾಗೆಯೇ ಮಾಡಿದಳು. ವಾಡಿ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಕಿಟಕಿಗಳ ಬಳಿ ಕಪ್ಪು ದ್ರಾಕ್ಷಿ ಮಾರುವ ನೀಲಮ್ಮನನ್ನು ಆ ಹಾದಿಯಲ್ಲಿ ಓಡಾಡಿದ ಎಷ್ಟೋ ಜನ ನೋಡಿರಬಹುದು. ೧೯೫೬ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನನಗೆ ದೂರದ ಜಿಲ್ಲೆಗೆ ವರ್ಗವಾಯಿತು. ಮೊಹತಮಿಮ್ ಸಾಹೇಬರು ಹೈದರಾಬಾದಿಗೆ ಹೊರಟುಹೋದರು.

ಆಮೇಲಿನ ನೌಕರಿಯಲ್ಲಿ ನಾನು ದೊಡ್ಡ ದೊಡ್ಡ ಭಟ್ಟಿಗಳನ್ನು ಒಡೆಸಿದ್ದೇನೆ, ಕಳ್ಳ ಸಾರಾಯಿ ಕುಡಿದು ಕಣ್ಣು ಕಳೆದುಕೊಂಡವರನ್ನು ಕಂಡಿದ್ದೇನೆ. ಕಾನೂನು ಬೇಕು ಎಂಬುದರಲ್ಲಿ ನನಗೆ ಎಂದೂ ಸಂಶಯ ಹುಟ್ಟಿಲ್ಲ. ಆದರೆ ನನ್ನ ಕೈಕೆಳಗೆ ಹೊಸದಾಗಿ ಬಂದ ಇನ್‌ಸ್ಪೆಕ್ಟರುಗಳಿಗೆ ಒಂದು ಮಾತು ಹೇಳುತ್ತಿದ್ದೆ: ಒಂದು ಮನೆಯಲ್ಲಿ ಏನು ಸಿಕ್ಕಿತು, ಎಷ್ಟು ಸಿಕ್ಕಿತು ಎಂದು ಬರೆದುಕೊಳ್ಳುವುದು ಎಲ್ಲರಿಗೂ ಬರುತ್ತದೆ. ಅದನ್ನು ಯಾರಿಗಾಗಿ ಮಾಡಿದ್ದಾರೆ ಎಂದೂ ಕೇಳಿ. ಪಂಚನಾಮೆಯಲ್ಲಿ ಅದಕ್ಕೆ ಜಾಗವಿಲ್ಲ, ಆದರೂ ಕೇಳಿ. ಉತ್ತರ ಕೇಳಿ ಮನಸ್ಸು ತಡೆದರೆ, ಸೀಲ್ ಹಾಕಿ ಕೆಲಸ ಮುಗಿಯಿತೆಂದು ಮನೆಗೆ ಹೋಗಬೇಡಿ. ಮರುದಿನ ಬೆಳಿಗ್ಗೆ ಎದ್ದು, ಆ ಸೀಲನ್ನು ಒಡೆಯುವ ಅಧಿಕಾರ ಯಾರಿಗಿದೆಯೋ ಅವರ ಬಾಗಿಲಿಗೆ ಹೋಗಿ. ಅದೂ ನಿಮ್ಮ ನೌಕರಿಯೇ.